ಹಳೇ ಬೂಟಿನಿಂದ ಬ್ರೇಕ್ ಪ್ಯಾಡ್‌ವರೆಗೆ

ಬ್ರೇಕ್ ಪ್ಯಾಡ್ ಸವೆದಿದೆ, ಬದಲಿಸಿ ಎಂದು ಮೆಕ್ಯಾನಿಕ್ ಹೇಳಿದರೆ, ‘ಇನ್ನೊಂದು ತಿಂಗಳು ಓಡಲಿ ಬಿಡಿ’ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಆದರೆ ಪ್ಯಾಡ್ ಇರುವುದೇ ಸವೆಯಲು. ಆ ಕೆಲಸಕ್ಕೆ ಸರಿಯಾದ ವಸ್ತು ಹುಡುಕಲು ಜನ ಪಟ್ಟ ಪಾಡು ದೊಡ್ಡದು.

1902ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದು ಅದರ ತತ್ವ. ಇಂದಿಗೂ ಅದೇ. ಆದರೆ ಅವರು ಒತ್ತಲು ಬಳಸಿದ್ದು ತಾಮ್ರ. ಲೋಹಕ್ಕೆ ಲೋಹ ಉಜ್ಜಿ ಕಿವಿ ಕೊರೆಯುವ ಸದ್ದು ಬರುತ್ತಿತ್ತು.

ಇದಕ್ಕೆ ಪರಿಹಾರದ ದಾರಿ ತೆರೆದದ್ದು ಗಾಡಿ ಹೊಡೆಯುವವರಿಂದ. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಕುದುರೆಗಾಡಿಯವರು ಇಳಿಜಾರಿನಲ್ಲಿ ಗಾಲಿ ತಡೆಯುವ ಮರದ ತುಂಡಿಗೆ ಹಳೇ ಬೂಟಿನ ಚರ್ಮ ಕಟ್ಟುತ್ತಿದ್ದರು. ಅದನ್ನು ಕಂಡ ಹರ್ಬರ್ಟ್ ಫ್ರೂಡ್, ರಾಳ ಕುಡಿಸಿದ ಬಟ್ಟೆಯಿಂದ ಬ್ರೇಕ್ ತುಂಡು ಮಾಡಿದರು. 1897ರಲ್ಲಿ ಅವರು ಶುರು ಮಾಡಿದ ಉದ್ಯಮವೇ ಮುಂದೆ ಫೆರೋಡೊ ಎಂದು ಹೆಸರಾಯಿತು. ಮೋಟಾರಿನ ಬಿಸಿಗೆ ಬಟ್ಟೆ ಸುಡುತ್ತಿದ್ದರಿಂದ ಅವರು ಆಸ್ಬೆಸ್ಟಾಸ್ ನಾರಿಗೆ ಹೊರಳಿದರು. ನಮ್ಮ ಮನೆಗಳ ಮೇಲೆ ಶೀಟಾಗಿ ಕೂತಿರುವುದೂ ಅದೇ.

ಆದರೂ ಹೆಚ್ಚಿನ ಕಾರುಗಳಲ್ಲಿ ಬಹುಕಾಲ ಡ್ರಮ್ ಬ್ರೇಕೇ ಇತ್ತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಿತು. ಅದರ ಸರಾಸರಿ ವೇಗ ಗಂಟೆಗೆ 160 ಕಿ.ಮೀ. ದಾಟಿತ್ತು. 1955ರಲ್ಲಿ ಬಂದ ಸಿಟ್ರೋಯೆನ್ ಡಿಎಸ್ ಕಾರಿನ ಮುಂದಿನ ಚಕ್ರಗಳಿಗೂ ಡಿಸ್ಕ್ ಬಂತು.

ಬೆಲೆ ತೆತ್ತವರು ಕೆಲಸಗಾರರು. ಆಸ್ಬೆಸ್ಟಾಸ್ ಧೂಳು ಶ್ವಾಸಕೋಶಕ್ಕೆ ಸೇರಿದರೆ ಹತ್ತಾರು ವರ್ಷಗಳ ನಂತರವೂ ಕ್ಯಾನ್ಸರ್ ತರುತ್ತದೆ. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಈಗ ಆಸ್ಬೆಸ್ಟಾಸ್ ಇಲ್ಲದ ಪ್ಯಾಡ್‌ಗಳು ಸಿಗುತ್ತವೆ. ಕೊಳ್ಳುವಾಗ ಡಬ್ಬಿಯ ಮೇಲೆ ಅದನ್ನು ಓದಿಕೊಳ್ಳಿ. ಯಾವ ಪ್ಯಾಡೇ ಇರಲಿ, ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ.

ಪ್ಯಾಡಿನ ದಪ್ಪ 3 ಮಿ.ಮೀ.ಗೆ ಇಳಿದರೆ ಬದಲಿಸಿ. ಎಡ-ಬಲ ಎರಡೂ ಚಕ್ರಗಳಿಗೆ ಒಟ್ಟಿಗೇ ಹಾಕಿಸಿ. ಹೊಸದು ಹಾಕಿದ ಮೇಲೆ ಗಾಡಿ ತೆಗೆಯುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಿರಿ. ಎಷ್ಟೋ ಪ್ಯಾಡ್‌ಗಳಲ್ಲಿ ಚಿಕ್ಕ ಲೋಹದ ಪಟ್ಟಿ ಇರುತ್ತದೆ. ಪ್ಯಾಡ್ ಮುಗಿಯುತ್ತಾ ಬಂದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಲ್ಯಾಂಚೆಸ್ಟರ್‌ಗೆ ತಲೆನೋವಾಗಿದ್ದ ಸದ್ದನ್ನೇ ಈಗ ಎಚ್ಚರಿಕೆಗೆ ಬಳಸಿದ್ದಾರೆ. ಅದು ಕೇಳಿದ ಮೇಲೆ ಇನ್ನೊಂದು ತಿಂಗಳು ಕಾಯುವುದು ಬೇಡ.