ಬಲವನ್ನು ಹೊರುವ ಅಚ್ಚು

ಹಲ್ಲುಚಕ್ರಗಳ ಪಾಠ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದರ ಮುಂದಿನ ಅಧ್ಯಾಯವೊಂದು ಅಮೆರಿಕದ ಡ್ರ್ಯಾಗ್ ರೇಸಿನ ಇತಿಹಾಸದಲ್ಲಿದೆ. ಅಲ್ಲಿ ಕಾರು ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಓಡಬೇಕು. ಟೈರು ನೆಲವನ್ನು ಕಚ್ಚಿ ಹಿಡಿದೊಡನೆ, ಗಿಯರುಗಳಿಂದ ಹಲವು ಪಟ್ಟು ಹೆಚ್ಚಿದ ತಿರುಚುಬಲವೆಲ್ಲ ಹಿಂದಿನ ಅಚ್ಚಿನ ಮೇಲೆ ಬೀಳುತ್ತದೆ. ಅಚ್ಚು ಮುರಿದರೆ ಎಂಜಿನ್ ಎಷ್ಟು ಬಲಶಾಲಿಯಾದರೂ ವ್ಯರ್ಥ.

1957ರಲ್ಲಿ ಫೋರ್ಡ್ ಕಂಪನಿಯು ಒಂಬತ್ತು ಇಂಚಿನ ಹಲ್ಲುಚಕ್ರವುಳ್ಳ ಅಚ್ಚನ್ನು ಸಾಮಾನ್ಯ ಕಾರುಗಳಿಗೇ ಅಳವಡಿಸಿತು. ಪಿನಿಯನ್ನಿನ ಒಳತುದಿಗೂ ಬೇರಿಂಗಿನ ಆಸರೆಯಿದ್ದುದರಿಂದ ಅದು ಹೊರೆಗೆ ಸುಲಭವಾಗಿ ಬಾಗುತ್ತಿರಲಿಲ್ಲ. ಗಿಯರುಗಳ ಭಾಗವನ್ನು ಮುಂದಿನಿಂದ ಇಡಿಯಾಗಿ ಬಿಚ್ಚಿ ಬದಲಿಸಬಹುದಿತ್ತು. ಪಿನಿಯನ್ ತುಸು ಕೆಳಗಿರುವುದರಿಂದ ಘರ್ಷಣೆ ಹೆಚ್ಚು, ಶಕ್ತಿ ಸ್ವಲ್ಪ ನಷ್ಟ. ಓಟಗಾರರು ಆ ನಷ್ಟವನ್ನು ಒಪ್ಪಿ ದೃಢತೆಯನ್ನು ಆರಿಸಿಕೊಂಡರು. 1980ರ ದಶಕದಲ್ಲಿ ಫೋರ್ಡ್ ಅದನ್ನು ಕೈಬಿಟ್ಟರೂ ಇತರ ತಯಾರಕರು ಇಂದಿಗೂ ಅದೇ ಮಾದರಿಯಲ್ಲಿ ತಯಾರಿಸುತ್ತಿದ್ದಾರೆ. ಬಲ ಗಳಿಸುವುದಕ್ಕೆ ಮುನ್ನ ಅದನ್ನು ಹೊರುವ ಆಧಾರ ಗಟ್ಟಿಯಾಗಿರಬೇಕಲ್ಲವೇ?