ಎದುರಾಳಿ ಕೊಟ್ಟ ಸರ್ಟಿಫಿಕೇಟ್

2020ರ ಲಾಕ್‌ಡೌನ್‌ನಲ್ಲಿ ನಮ್ಮ ಬೀದಿಗೆ ರೇಷನ್ ಕಿಟ್ ಬಂತು. ಅಕ್ಕಿ, ತೊಗರಿಬೇಳೆ, ಎಣ್ಣೆ. ಕೊಡೋ ಮುಂಚೆ ಒಂದು ಫೋಟೋ. ಪಕ್ಕದ ಮನೆ ಅಜ್ಜಿ ಸೆರಗಲ್ಲಿ ಮುಖ ಮುಚ್ಕೊಂಡು ಕಿಟ್ ತಗೊಂಡ್ರು. ನನಗೆ ಕೋಪ ಬಂತು. ಅಮ್ಮ ಮಾತ್ರ, "ಫೋಟೋ ಅವರಿಗಿರ್ಲಿ ಬಿಡೋ, ಅಕ್ಕಿ ಅಜ್ಜಿಗೆ ಸಿಕ್ತಲ್ಲ" ಅಂದ್ರು.

ಈ ಜಗಳ ಹೊಸದಲ್ಲ. 1,650 ವರ್ಷಗಳ ಹಿಂದೆ ರೋಮನ್ ಸಾಮ್ರಾಜ್ಯದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಎತ್ತಿದವನು ಸಾಕ್ಷಾತ್ ಚಕ್ರವರ್ತಿ, ಹೆಸರು ಜೂಲಿಯನ್. ಹುಟ್ಟಿ ಬೆಳೆದದ್ದು ಕ್ರೈಸ್ತನಾಗಿ. ಆಮೇಲೆ ಆ ನಂಬಿಕೆ ಬಿಟ್ಟು ಗ್ರೀಕರ ಹಳೆಯ ದೇವತೆಗಳ ಕಡೆ ಹೋದ. 361ರಲ್ಲಿ ಪಟ್ಟಕ್ಕೆ ಬಂದ ಕೂಡಲೇ ಪಾಳುಬಿದ್ದ ದೇವಾಲಯಗಳಿಗೆ ಜೀವ ತುಂಬೋಕೆ ಹೊರಟ. ಆದರೆ ಜನ ಬರಲಿಲ್ಲ.

ಯಾಕೆ ಅಂತ ಅವನೇ ಒಂದು ಪತ್ರದಲ್ಲಿ ಹೇಳ್ತಾನೆ. ಗಲಾಷಿಯಾ ಅನ್ನೋ ಪ್ರಾಂತ್ಯ, ಅಂದ್ರೆ ಇವತ್ತಿನ ಟರ್ಕಿಯ ಮಧ್ಯಭಾಗ. ಅಲ್ಲಿನ ಪ್ರಧಾನ ಅರ್ಚಕ ಅರ್ಸೇಸಿಯಸ್‌ಗೆ 362ರಲ್ಲಿ ಬರೆದದ್ದು. ಪತ್ರ ನಿಜವಾಗ್ಲೂ ಅವನದ್ದೇನಾ ಅಂತ ಕೆಲವು ವಿದ್ವಾಂಸರು ತಕರಾರು ಎತ್ತಿದ್ದಾರೆ, ಆದರೂ ಸಾಮಾನ್ಯವಾಗಿ ಅವನದ್ದೆಂದೇ ಓದುತ್ತಾರೆ. ಸಾರಾಂಶ ಇಷ್ಟು: ಕ್ರೈಸ್ತರು ಅಪರಿಚಿತರನ್ನು ಉಪಚರಿಸ್ತಾರೆ, ಸತ್ತವರನ್ನು ಮಣ್ಣು ಮಾಡ್ತಾರೆ. ತಮ್ಮ ಬಡವರ ಜೊತೆಗೆ ನಮ್ಮ ಬಡವರಿಗೂ ಊಟ ಹಾಕ್ತಾರೆ. ನಮ್ಮವರಿಗೆ ನಾವೇ ಹಾಕದಿರೋದು ನಾಚಿಕೆಗೇಡು.

ನಾನು ಬಿಕಾಂ ಓದಿದವನು. ನನಗೆ ಇದು ಕಾಂಪಿಟಿಟರ್ ರಿಪೋರ್ಟ್ ಥರ ಕಾಣುತ್ತೆ. ಹೊಗಳೋಕೆ ಯಾವ ಕಾರಣವೂ ಇಲ್ಲದ ಮನುಷ್ಯ ಕೊಟ್ಟ ಸರ್ಟಿಫಿಕೇಟ್ ಇದು, ಅದಕ್ಕೇ ತೂಕ ಜಾಸ್ತಿ. ಈ ಸೇವೆಯೆಲ್ಲ ಜನರನ್ನು ಸೆಳೆಯೋ ತಂತ್ರ ಅಂತ ಅವನಿಗೆ ಗುಮಾನಿ ಇತ್ತು. ಆದರೂ ಅದನ್ನೇ ಕಾಪಿ ಮಾಡಿದ. ಊರೂರಲ್ಲಿ ಛತ್ರ ಕಟ್ಟಿಸಿ ಅಂದ. ಗಲಾಷಿಯಾಕ್ಕೆ ವರ್ಷಕ್ಕೆ 30,000 ಮೋಡಿಯಸ್ ಗೋಧಿ ಮಂಜೂರು ಮಾಡಿದ. ನಮ್ಮ ಲೆಕ್ಕದಲ್ಲಿ ಸುಮಾರು 200 ಟನ್! ಐದನೇ ಒಂದು ಪಾಲು ಅರ್ಚಕರ ಸೇವೆಯಲ್ಲಿರೋ ಬಡವರಿಗೆ, ಉಳಿದದ್ದು ದಾರಿಹೋಕರಿಗೆ, ಭಿಕ್ಷುಕರಿಗೆ. ಮರುವರ್ಷ, 363ರಲ್ಲಿ, ಪರ್ಷಿಯಾ ಯುದ್ಧದಲ್ಲಿ ಜೂಲಿಯನ್ ಸತ್ತ. ಯೋಜನೆಯೂ ಅವನ ಜೊತೆಗೇ ಹೋಯ್ತು.

ಈಗ ಇನ್ನೊಬ್ಬನ ಕಥೆ. ಜೂಲಿಯನ್ 355ರಲ್ಲಿ ಅಥೆನ್ಸ್‌ನಲ್ಲಿ ಓದುವಾಗ ಅದೇ ಸುಮಾರಿಗೆ ಅಲ್ಲಿ ಓದಿದ ಇನ್ನೊಬ್ಬ ಹುಡುಗ ಬೆಸಿಲ್. ಕಪಡೋಷಿಯಾದ ಸಿರಿವಂತರ ಮನೆಯವನು. ಮುಂದೆ ಸಿಸೇರಿಯಾ ಊರಿನ ಪಾದ್ರಿಯಾದ. ಇವತ್ತು ಟರ್ಕಿಯ ಮ್ಯಾಪ್‌ನಲ್ಲಿ ಕೈಸೇರಿ ಅಂತ ಹುಡುಕಿ, ಸಿಗುತ್ತೆ. 369ರ ಸುಮಾರಿಗೆ ಅಲ್ಲಿ ಭೀಕರ ಬರ. ಸಮುದ್ರ ದೂರ, ಧಾನ್ಯ ತರಿಸೋದು ಕಷ್ಟ. ವ್ಯಾಪಾರಿಗಳು ಇದ್ದಬದ್ದ ಕಾಳನ್ನು ಕಣಜದಲ್ಲಿಟ್ಟು ರೇಟ್ ಏರಲಿ ಅಂತ ಕಾಯ್ತಾ ಕೂತ್ರು. ಡಿಮ್ಯಾಂಡ್, ಸಪ್ಲೈ ಅಂತ ನಾವು ಕ್ಲಾಸಲ್ಲಿ ಆರಾಮಾಗಿ ಓದಿದ್ವಲ್ಲ, ಅದೇ.

ಬೆಸಿಲ್ ಅವರನ್ನು ಎದುರಿಗೇ ಕೂರಿಸಿಕೊಂಡು ಬೈದ. ನಿಮ್ಮ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಇರೋದು ನಿಮ್ಮದಲ್ಲ, ಇಲ್ಲದವನದ್ದು ಅನ್ನೋ ಅರ್ಥದ ಮಾತು. ಅವನ ಬೇರು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿದೆ. ಹಸಿದವನಿಗೆ, ರೋಗಿಗೆ, ಸೆರೆಯಲ್ಲಿರುವವನಿಗೆ ಮಾಡಿದ್ದು ತನಗೇ ಮಾಡಿದ್ದು ಎಂದು ಯೇಸು ಹೇಳುವ ಭಾಗ ಅದು. ಕಣಜಗಳು ತೆರೆದವು. ಗೆಳೆಯ ಗ್ರೆಗರಿ ಬರೆದಿಟ್ಟ ಪ್ರಕಾರ, ಕಾಳಿನ ಗಂಜಿಯ ದೊಡ್ಡ ಪಾತ್ರೆಗಳನ್ನಿಟ್ಟು, ಬೆಸಿಲ್ ತಾನೇ ನಿಂತು ಬಡಿಸಿದ.

ಬರ ಮುಗಿದರೂ ಅವನು ನಿಲ್ಲಿಸಲಿಲ್ಲ. 370ರಲ್ಲಿ ಬಿಷಪ್ ಆದ. ಊರ ಹೊರಗೆ ಒಂದು ಕೇರಿಯನ್ನೇ ಕಟ್ಟಿದ. ಪ್ರಯಾಣಿಕರಿಗೆ ತಂಗುದಾಣ, ರೋಗಿಗಳಿಗೆ ವೈದ್ಯರು, ಆರೈಕೆಯವರು, ಕಸುಬು ಮಾಡೋಕೆ ಕಾರ್ಯಾಗಾರ. ಮನೆಯವರೇ ಹೊರಗೆ ಹಾಕಿದ್ದ ಕುಷ್ಠರೋಗಿಗಳಿಗೂ ಜಾಗ. ಪಿರಮಿಡ್‌ಗಿಂತ ಇದು ದೊಡ್ಡ ಅದ್ಭುತ ಅಂತಾನೆ ಗ್ರೆಗರಿ. ಗೆಳೆಯನ ಮಾತು, ಸ್ವಲ್ಪ ಡಿಸ್ಕೌಂಟ್ ಹಾಕ್ಕೊಳ್ಳಿ.

ಜಗತ್ತಿನ ಮೊದಲ ಆಸ್ಪತ್ರೆ ಇದೇ ಅಂತ ಇಂಟರ್ನೆಟ್‌ನಲ್ಲಿ ಬರೆದಿರ್ತಾರೆ. ಅಷ್ಟು ಸುಲಭವಾಗಿ ನಂಬಬೇಡಿ. ರೋಮನ್ನರಿಗೆ ಸೈನಿಕರ ಆಸ್ಪತ್ರೆಗಳಿದ್ದವು. ನಮ್ಮ ಅಶೋಕ ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದಾಗಿ ತನ್ನ 2ನೇ ಶಿಲಾಶಾಸನದಲ್ಲಿ ಕೆತ್ತಿಸಿದ್ದಾನೆ. ಸಿಸೇರಿಯಾದ ವಿಶೇಷ ಬೇರೆ: ಯಾರಿಗೂ ಬೇಡವಾದ ಸಿವಿಲಿಯನ್ ಬಡವನಿಗೆ ಹಾಸಿಗೆ ಹಾಕಿದ್ದು.

ಇಲ್ಲೂ ಫೋಟೋ ಪ್ರಶ್ನೆ ಇದೆ, ನೋಡಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಹೇಳಿದ್ದೂ ಅದೇ ಯೇಸು. ಇವನೋ, ಊರಿಗೆಲ್ಲ ಕಾಣೋ ಹಾಗೆ ಕಟ್ಟಡ ಎಬ್ಬಿಸಿದ. ಗವರ್ನರ್‌ಗೆ ದೂರು ಹೋಯ್ತು. ನಾವು ಯಾರಿಗೆ ತೊಂದರೆ ಮಾಡ್ತಿದ್ದೀವಿ ಅಂತ ಕೇಳಿ ಬೆಸಿಲ್ ಬರೆದ ಪತ್ರ ಇಂದಿಗೂ ಉಳಿದಿದೆ. ಇನ್ನು ಜನ ಆ ಜಾಗಕ್ಕೆ ಅವನ ಹೆಸರನ್ನೇ ಇಟ್ರು, ಬೆಸಿಲಿಯಾಸ್ ಅಂತ. 5ನೇ ಶತಮಾನದಲ್ಲೂ ಅದೇ ಹೆಸರು ನಡೀತಿತ್ತು ಅಂತ ಇತಿಹಾಸಕಾರ ಸೊಜೊಮೆನ್ ಬರೀತಾನೆ.

ಇದನ್ನೆಲ್ಲ ಓದಿದ ಮೇಲೆ ನಾನು ಅಮ್ಮನ ಕಡೆಗೆ ಸ್ವಲ್ಪ ವಾಲಿದ್ದೀನಿ. ಪೂರ್ತಿ ಅಲ್ಲ. ಅಜ್ಜಿಯ ಸೆರಗು ಇನ್ನೂ ಕಣ್ಮುಂದೆ ಇದೆ. ಬೆಸಿಲ್ ಕೈಯಾರೆ ಬಡಿಸಿದ್ದನ್ನು ಅಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಎರಡನೇ ಸಲ ಬಂದವ್ರಿಗೂ ಹಾಕಿದ್ನಾ?"