ಮುಂಗಡದ ಹಣ, ತೋಟದ ಕಾಯ್ದೆ

ಕಾಫಿ ಹಣ್ಣಾಗುವ ವೇಳೆಗೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹಾಡಿ-ಕೇರಿಗಳಿಂದ ಕೂಲಿಯಾಳುಗಳನ್ನು ತುಂಬಿಕೊಂಡ ಜೀಪುಗಳು ಕೊಡಗಿನತ್ತ ಸಾಗುವುದನ್ನು ನೀವು ಕಂಡಿರಬಹುದು. ನಾಲೆಯ ನೀರುಂಡ ಕೆ.ಆರ್. ನಗರದ ಬಯಲಿನವರಿಗೆ ಈ ದಾರಿ ಅಷ್ಟು ಪರಿಚಿತವಲ್ಲ; ಮಳೆಯನ್ನೇ ನಂಬಿದ ಉಳಿದ ತಾಲ್ಲೂಕುಗಳಿಗೆ ಅದು ಬಹಳ ಹಳೆಯ ದಾರಿ.

ಫೌಲರ್ ಎಂಬ ಆಂಗ್ಲನು ಮಡಿಕೇರಿಯಲ್ಲಿ ಕಾಫಿ ತೋಟ ತೆರೆದದ್ದು 1854ರಲ್ಲಿ. ತೋಟಗಳು ಹಬ್ಬಿದಂತೆ ಕೂಲಿಗಳು ಬೇಕಾದರು. ಮೇಸ್ತ್ರಿಯು ಬಯಲುಸೀಮೆಯ ಹಳ್ಳಿಗೆ ಬಂದು ಮುಂಗಡ ಕೊಡುತ್ತಿದ್ದನು. ಮದುವೆಗೋ, ಬರಗಾಲದ ಹಸಿವಿಗೋ ಆ ಹಣ ಕರಗುತ್ತಿತ್ತು. ಮುಂಗಡ ಪಡೆದವನು ಕೆಲಸ ಬಿಟ್ಟರೆ ಗತಿಯೇನು? ಅದಕ್ಕೆ 1859ರ ಹದಿಮೂರನೆಯ ಕಾಯ್ದೆಯಿತ್ತು. ಕಲ್ಕತ್ತೆಯ ವರ್ತಕರ ಸಂಘವು ಸರ್ಕಾರಕ್ಕೆ ಮಾಡಿಕೊಂಡ ಮನವಿಯ ಫಲ ಅದು. ಮ್ಯಾಜಿಸ್ಟ್ರೇಟರು ಹೇಳಿದಂತೆ ಹಣ ಹಿಂದಿರುಗಿಸಬೇಕು, ಇಲ್ಲವೇ ದುಡಿದು ತೀರಿಸಬೇಕು. ಎರಡಕ್ಕೂ ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ. ಕೂಲಿ ಕೊಡದ ದೊರೆಗೆ ಮಾತ್ರ ಆ ಕಾಯ್ದೆಯಲ್ಲಿ ಸೆರೆಮನೆಯ ಮಾತೇ ಇರಲಿಲ್ಲ. ಕೊಯ್ದವರ ತಡೆಹಿಡಿದ ಕೂಲಿಯ ಕೂಗು ದೇವರಿಗೆ ಮುಟ್ಟುತ್ತದೆಂಬ ಯಾಕೋಬನ ಪತ್ರ, ಆ ದೊರೆಗಳು ಭಾನುವಾರ ತೆರೆಯುತ್ತಿದ್ದ ಬೈಬಲಿನಲ್ಲೂ ಇತ್ತು!

ದೇಶದಲ್ಲಿ ವಿರೋಧ ಬೆಳೆದು ಆ ಕಾಯ್ದೆ 1926ರಲ್ಲಿ ರದ್ದಾಯಿತು. ಆದರೆ ಕೊಡಗಿನಲ್ಲಿ 1924ರಿಂದ ಶಾಸನ ಪರಿಷತ್ತಿತ್ತು. ಅಲ್ಲಿ ಯುರೋಪಿಯನ್ ತೋಟಗಾರರಿಗೆ ಸ್ಥಾನವಿತ್ತು. ಹುಣಸೂರಿನ ಕೂಲಿಗೆ ಇರಲಿಲ್ಲ. ಅವನು ಮೈಸೂರು ಮಹಾರಾಜರ ಪ್ರಜೆ, ಕೊಡಗಿಗೆ ಪರಸ್ಥಳದವನು. ಅದೇ 1926ರಲ್ಲಿ ಕೊಡಗಿಗೆಂದೇ ಪ್ರತ್ಯೇಕ ಕಾರ್ಮಿಕ ಕಾಯ್ದೆ ಬಂದು, ಹಳೆಯ ದಂಡನೆಯನ್ನೇ ಮತ್ತೆ ಕೆಲವು ವರ್ಷ ಜೀವಂತವಾಗಿಟ್ಟಿತು. ಮುಂಬಾಗಿಲಿನಿಂದ ಹೊರಹೋದದ್ದು ಹಿತ್ತಿಲಿನಿಂದ ಒಳಬಂದಿತೆನ್ನದೆ ಬೇರೇನು ಹೇಳೋಣ?

ಸ್ವಾತಂತ್ರ್ಯಾನಂತರ 1951ರ ತೋಟ ಕಾರ್ಮಿಕರ ಕಾಯ್ದೆಯು ವಸತಿ, ಔಷಧೋಪಚಾರಗಳನ್ನು ಮಾಲೀಕರ ಹೊಣೆಯಾಗಿಸಿತು. ಆದರೆ ಅದು ದೊಡ್ಡ ತೋಟಗಳಿಗೆ ಮಾತ್ರ ಅನ್ವಯಿಸುತ್ತಿತ್ತು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತು. ಗೇಣಿದಾರನು ಒಡೆಯನಾದನು. ನಮ್ಮ ಸೀಮೆ ಅದನ್ನು ಕೃತಜ್ಞತೆಯಿಂದ ನೆನೆಯುತ್ತದೆ, ನೆನೆಯಲೇಬೇಕು. ಆದರೂ ಕಾಫಿ, ಏಲಕ್ಕಿ, ಮೆಣಸಿನ ತೋಟಗಳು ಭೂಮಿತಿಯ ಹೊರಗೇ ಉಳಿದವು. ಗದ್ದೆಯ ಗೇಣಿದಾರನಿಗೆ ಪಹಣಿ ದೊರೆಯಿತು. ತೋಟದ ಲೈನ್ ಮನೆಯವನಿಗೆ ಲೈನ್ ಮನೆಯೇ ಉಳಿಯಿತು.

ಮುಂಗಡ ಕೊಟ್ಟು ಜೀತಕ್ಕಿಡುವುದು 1976ರ ಕೇಂದ್ರ ಕಾಯ್ದೆಯಿಂದ ಅಪರಾಧವಾಯಿತು. ಜೀತದ ಸಾಲವೂ ವಜಾ ಆಯಿತು. ಒಂದು ಕಾಲಕ್ಕೆ ಮುಂಗಡ ತೀರಿಸದವನನ್ನು ಸೆರೆಗೆ ಕಳಿಸಿದ ಮ್ಯಾಜಿಸ್ಟ್ರೇಟರ ಕೈಗೇ, ಅವನನ್ನು ಬಿಡುಗಡೆ ಮಾಡುವ ಕೆಲಸವನ್ನು ಈ ಕಾಯ್ದೆ ಒಪ್ಪಿಸಿತು.